ಅಮ್ಮನ ಗೇಮ್ ಚೆನ್ನಾಗಿತ್ತಲ್ವಾ?

ಸಿಯಾಟಲ್ ಪಕ್ಕದ ಬಾತೆಲ್‌ನಲ್ಲಿ, ಸ್ಕೂಲ್ ಬಸ್ಸು ನಿಲ್ಲುವ ಮೂಲೆಯಲ್ಲಿ, ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗ ಕಳೆದ ವಾರ ಕೇಳಿದ ಮಾತು ಇದು: "ಅಮ್ಮನ ಗೇಮ್ ಎಲ್ಲಾರ್ಗೂ ಇಷ್ಟ ಆಯ್ತಲ್ವಾ ಅಂಕಲ್? ಮತ್ಯಾಕೆ ಅಮ್ಮನ್ನ ತೆಗೆದ್ರು?"

ಅವನ ತಾಯಿ ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನವರು. ವಿಡಿಯೋ ಗೇಮಿನ ಪಾತ್ರಗಳ ಒಳಗೆ ಮೂಳೆಗೂಡು ಕೂರಿಸಿ, ಮೊಣಕೈ, ಭುಜ, ತುಟಿ ಎಲ್ಲವೂ ಸಹಜವಾಗಿ ಆಡುವಂತೆ ಮಾಡುವುದು ಅವರ ಕೆಲಸ. ಇದಕ್ಕೆ ರಿಗ್ಗಿಂಗ್ ಅನ್ನುತ್ತಾರೆ. ಅವರ ಸ್ಟುಡಿಯೋದ ಹಿಂದಿನ ಆಟಕ್ಕೆ ಒಳ್ಳೆಯ ಹೆಸರು ಬಂದಿತ್ತು. ಮುಂದಿನದು ಅರ್ಧ ಆಗಿದ್ದಾಗ ಮೇಲಿನ ಕಂಪನಿ ಅದನ್ನು ನಿಲ್ಲಿಸಿತು, ತಂಡವನ್ನೂ ಕೈಬಿಟ್ಟಿತು.

ಹುಡುಗನಿಗೆ ಅವತ್ತು ಸರಿಯಾದ ಉತ್ತರ ಸಿಗಲಿಲ್ಲ, ಬಸ್ಸು ಬಂತು. ಆದರೆ ಪ್ರಶ್ನೆ ಸರಿಯಾಗಿದೆ. ಊರಿನವರಿಗೂ ಇದರ ಉತ್ತರ ಗೊತ್ತಿರಬೇಕು. ಊರಲ್ಲಿ ಗೇಮ್ ಕಂಪನಿ ಅಂದರೆ ದುಡ್ಡು ಕಟ್ಟಿ ಆಡುವ ರಮ್ಮಿ ಅಂದುಕೊಳ್ಳುವವರೇ ಹೆಚ್ಚು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ನಿಲ್ಲಿಸಿದ್ದು ಆ ದುಡ್ಡಿನ ಆಟಗಳನ್ನು. ಇಲ್ಲಿ ಹೇಳುತ್ತಿರುವುದು ಬೇರೆ: ನೂರಾರು ಜನ ನಾಲ್ಕೈದು ವರ್ಷ ಕೂತು ಕಟ್ಟುವ, ಸಿನಿಮಾದಷ್ಟೇ ದೊಡ್ಡ ಆಟಗಳ ವಿಷಯ.

ಹೊರಗೆ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ಕೊಡುತ್ತೇನೆ. ಮೈಕ್ರೋಸಾಫ್ಟ್ ಒಡೆತನದಲ್ಲಿದ್ದ ಟೋಕಿಯೋದ ಸ್ಟುಡಿಯೋ ಟ್ಯಾಂಗೊ ಗೇಮ್‌ವರ್ಕ್ಸ್ 2023ರ ಜನವರಿಯಲ್ಲಿ ಹೈ-ಫೈ ರಶ್ ಅನ್ನುವ ಆಟ ಬಿಟ್ಟಿತು. ಸುಮಾರು 30 ಲಕ್ಷ ಜನ ಆಡಿದರು. 2024ರ ಏಪ್ರಿಲ್‌ನಲ್ಲಿ ಅನಿಮೇಶನ್‌ಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಆ ಸ್ಟುಡಿಯೋ ಮುಚ್ಚುವುದಾಗಿ ಹೇಳಿತು. ತನ್ನದೇ ಇನ್ನೆರಡು ಸ್ಟುಡಿಯೋಗಳಾದ ಆರ್ಕೇನ್ ಆಸ್ಟಿನ್ ಮತ್ತು ಆಲ್ಫಾ ಡಾಗ್ ಮುಚ್ಚುವುದನ್ನೂ ಅದೇ ದಿನ ಹೇಳಿತು. ಟ್ಯಾಂಗೊವನ್ನು ಆಮೇಲೆ ಕೊರಿಯಾದ ಕ್ರಾಫ್ಟನ್ ಎತ್ತಿಕೊಂಡಿತು. ಆ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಚೆನ್ನಾಗಿದ್ದ ಆಟವನ್ನು ಮಾಡಿದವರು ಬೀದಿಗೆ ಬಿದ್ದದ್ದು ಹೇಗೆ ಅನ್ನುವುದಕ್ಕೆ ಲೆಕ್ಕ ನೋಡಬೇಕು. ಈ ಉದ್ಯಮದಲ್ಲಿ ಹಳೆಯದೊಂದು ಅಂದಾಜಿದೆ: ಸಂಬಳ, ವಿಮೆ, ಬಾಡಿಗೆ, ಸಾಫ್ಟ್‌ವೇರ್ ಎಲ್ಲ ಸೇರಿ ತಲೆಗೆ ತಿಂಗಳಿಗೆ 10,000 ಡಾಲರ್. ಅಮೆರಿಕದ ದೊಡ್ಡ ಊರುಗಳಲ್ಲಿ ಈಗ ಅದಕ್ಕೂ ಹೆಚ್ಚು. ನೂರು ಜನ, ನಾಲ್ಕು ವರ್ಷ ಅಂದರೆ 4.8 ಕೋಟಿ ಡಾಲರ್. ಆಟದ ಬೆಲೆ 60 ಡಾಲರ್ ಇದ್ದರೆ ಆನ್‌ಲೈನ್ ಅಂಗಡಿಯವನ ಪಾಲು ಸಾಮಾನ್ಯವಾಗಿ ಶೇ 30, ಅಂದರೆ 18 ಡಾಲರ್. ಉಳಿದ 42ರಲ್ಲಿ ಹಾಕಿದ ಬಂಡವಾಳ ವಾಪಸ್ ಬರಬೇಕಾದರೆ ಸುಮಾರು 11.4 ಲಕ್ಷ ಪ್ರತಿ ಹೋಗಬೇಕು. ಜಾಹೀರಾತಿನ ಖರ್ಚು ಇದರಲ್ಲಿ ಸೇರಿಲ್ಲ, ರಿಯಾಯಿತಿಯಲ್ಲಿ ಮಾರಿದ್ದನ್ನೂ ಹಿಡಿದಿಲ್ಲ. ಹೈ-ಫೈ ರಶ್ ಬೆಲೆ 30 ಡಾಲರ್. ಅದೂ ಮೊದಲ ದಿನದಿಂದಲೇ ತಿಂಗಳ ಚಂದಾದಲ್ಲಿ ಸಿಗುತ್ತಿತ್ತು. ಚಂದಾದಲ್ಲಿ ಆಡಿದವರ ದುಡ್ಡು ಒಂದು ಆಟದ ಖಾತೆಗೆ ಬೀಳುವುದಿಲ್ಲ, ಇಡೀ ಸೇವೆಯ ಖಾತೆಗೆ ಹೋಗುತ್ತದೆ. ಆಡಿದವರು 30 ಲಕ್ಷ ಅನ್ನುವುದೂ ಕೊಂಡವರು ಎಷ್ಟು ಅನ್ನುವುದೂ ಬೇರೆ ಬೇರೆ ಮಾತು.

ಇನ್ನು ದೊಡ್ಡ ಆಟಗಳ ಖರ್ಚು. 2023ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಸೋನಿಯ ಕಾಗದವೊಂದರ ಮೇಲೆ ಬಳಿದ ಕಪ್ಪು ಮಸಿಯ ಅಡಿಯಿಂದ ಅಂಕಿಗಳು ಕಂಡುಬಿಟ್ಟವು: ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗಕ್ಕೆ 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ. ಇಷ್ಟು ದುಡ್ಡು ಹಾಕುವವನು ಒಂದು ಆಟ ಸೋತರೂ ತಡೆದುಕೊಳ್ಳುವ ಶಕ್ತಿ ಬೇಕು ಅನ್ನುತ್ತಾನೆ. ಆ ನೆಪದಲ್ಲೇ ದೊಡ್ಡವು ಸಣ್ಣವನ್ನು ಕೊಳ್ಳುತ್ತವೆ.

ಕೊಳ್ಳುವಾಟ ಹೇಗೆ ನಡೆಯಿತು ನೋಡಿ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲಿ ಕೂತು ಆಡಿದರು, ಕಂಪನಿಗಳು ಕಂಡಕಂಡವರನ್ನು ಕೆಲಸಕ್ಕೆ ತೆಗೆದುಕೊಂಡವು. ಅಮೆರಿಕದಲ್ಲಿ ಬಡ್ಡಿ ಸೊನ್ನೆಯ ಹತ್ತಿರ ಇತ್ತು. ಸ್ವೀಡನ್ನಿನ ಗೇಮ್ ಕಂಪನಿ ಎಂಬ್ರೇಸರ್ ಸಾಲುಸಾಲಾಗಿ ಸ್ಟುಡಿಯೋಗಳನ್ನು ಕೊಂಡಿತು. 2022ರ ಮಾರ್ಚ್‌ನಿಂದ ಬಡ್ಡಿ ಏರತೊಡಗಿ 2023ರ ಜುಲೈಗೆ ಶೇ 5.25-5.5ರ ಮಟ್ಟಕ್ಕೆ ಬಂತು. 2023ರ ಮೇ ತಿಂಗಳಲ್ಲಿ ಎಂಬ್ರೇಸರ್‌ಗೆ ಬರಬೇಕಿದ್ದ 200 ಕೋಟಿ ಡಾಲರಿನ ಒಪ್ಪಂದ ಕೈತಪ್ಪಿತು. ಆಗಸ್ಟ್‌ನಲ್ಲಿ ಅದರ ಕೈಕೆಳಗಿದ್ದ, 1993ರಿಂದ ನಡೆದುಕೊಂಡು ಬಂದಿದ್ದ ವೊಲಿಶನ್ ಸ್ಟುಡಿಯೋ ಮುಚ್ಚಿತು. ಕೈತಪ್ಪಿದ ಆ ಒಪ್ಪಂದ ವೊಲಿಶನ್‌ನವರು ಮಾಡಿದ್ದಲ್ಲ. ಎಂಬ್ರೇಸರ್ 130 ಕೋಟಿ ಡಾಲರ್‌ವರೆಗೂ ಕೊಡುವ ಮಾತಾಡಿ ಕೊಂಡಿದ್ದ ಗೇರ್‌ಬಾಕ್ಸ್ ಕಂಪನಿ 2024ರಲ್ಲಿ 46 ಕೋಟಿಗೆ ಕೈಬದಲಾಯಿತು.

ಮೈಕ್ರೋಸಾಫ್ಟ್ 6,870 ಕೋಟಿ ಡಾಲರಿಗೆ ಆಕ್ಟಿವಿಶನ್ ಬ್ಲಿಜಾರ್ಡ್ ಅನ್ನುವ ಗೇಮ್ ಕಂಪನಿಯನ್ನು ಕೊಳ್ಳುವುದು ಮುಗಿದದ್ದು 2023ರ ಅಕ್ಟೋಬರ್ 13ಕ್ಕೆ. 2024ರ ಜನವರಿ 25ಕ್ಕೆ 1,900 ಜನರನ್ನು ತೆಗೆದರು. ಮೂರೂವರೆ ತಿಂಗಳೂ ಆಗಿರಲಿಲ್ಲ. ಎರಡು ಕಂಪನಿ ಒಂದಾದಾಗ ಮೊದಲು ಹೋಗುವುದು ಎರಡೆರಡಾಗಿ ಉಳಿಯುವ ವಿಭಾಗಗಳು: ಲೆಕ್ಕಪತ್ರ, ಪ್ರಚಾರ, ಗ್ರಾಹಕ ಸೇವೆ, ಆಟ ಪರೀಕ್ಷಿಸುವ ಕ್ಯೂಎ. ಆಮೇಲೆ ಇನ್ನೂ ಎರಡು ವರ್ಷ ಬೇಕಾಗುವ ಆಟಗಳ ಮೇಲೆ ಕಣ್ಣು ಬೀಳುತ್ತದೆ. ಏಕೆಂದರೆ ಅವು ಖರ್ಚಿನ ಪಟ್ಟಿಯಲ್ಲಿ ಮಾತ್ರ ಇರುತ್ತವೆ, ಆದಾಯದ ಪಟ್ಟಿಯಲ್ಲಿ ಇರುವುದಿಲ್ಲ. 2025ರ ಜುಲೈನಲ್ಲಿ ಮೈಕ್ರೋಸಾಫ್ಟ್‌ನ ಪರ್ಫೆಕ್ಟ್ ಡಾರ್ಕ್ ಮತ್ತು ಎವರ್‌ವೈಲ್ಡ್ ಆಟಗಳು ಹೀಗೇ ನಿಂತವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ಎಂಬ ಗೇಮ್ ಕಂಪನಿಯನ್ನು 5,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಪ್ರಕಟವಾಯಿತು. ಅದರಲ್ಲಿ 2,000 ಕೋಟಿ ಸಾಲ. ಆ ಸಾಲದ ಬಡ್ಡಿಯನ್ನು ದುಡಿದು ಕಟ್ಟಬೇಕಾದದ್ದು ಇಎ ತಾನೇ. ಅಲ್ಲಿ ಕೆಲಸ ಮಾಡುವ ಊರಿನ ಹುಡುಗರಿದ್ದರೆ ಈ ಒಂದು ಸಾಲನ್ನು ಎರಡು ಸಲ ಓದಲಿ.

ನಮ್ಮ ಬೆಂಗಳೂರೂ ಇದರಿಂದ ಹೊರಗಿಲ್ಲ. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದು. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು. ಸ್ಟಾರ್‌ಬ್ರೀಜ್ ತಾನೇ ನಷ್ಟಕ್ಕೆ ಬಿದ್ದಾಗ 2019ರಲ್ಲಿ ಅಮೆರಿಕದ ಗೇಮ್ ಕಂಪನಿ ರಾಕ್‌ಸ್ಟಾರ್‌ಗೆ ಮಾರಿತು. ಧ್ರುವದ ಹುಡುಗರ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಹುಡುಗನ ಪ್ರಶ್ನೆಯನ್ನು ಕೋಲಾರದ ಮಗು ಕೇಳುವುದಿಲ್ಲ. ನಮ್ಮಲ್ಲಿ ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತು, ಬೆಳೆ ಬೇರೆ, ರೇಟು ಬೇರೆ. ಟೊಮೆಟೊ ಸಸಿ ಒಳ್ಳೆಯ ನರ್ಸರಿಯದು, ಡ್ರಿಪ್ ಸರಿಯಿದೆ, ಕಡ್ಡಿ ನೆಟ್ಟು ದಾರ ಕಟ್ಟಿದ್ದಾಗಿದೆ, ಎಲೆಮುದುಡು ರೋಗ ಬಾರದಂತೆ ಕಾದದ್ದಾಗಿದೆ, ಹಣ್ಣು ಕೆಂಪಗೆ ಗಟ್ಟಿಯಾಗಿ ಬಂದಿದೆ. ಮಂಡಿಗೆ ಹೋದರೆ ಕುಯ್ಯುವ ಕೂಲಿಯೂ ಹುಟ್ಟದ ದಿನ ಬರುತ್ತದೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಅದನ್ನು ನೋಡಿ ಎಲ್ಲರೂ ಹಾಕಿದರು, ಸೆಪ್ಟೆಂಬರ್ ಹೊತ್ತಿಗೆ ರೇಟು ಕುಸಿಯಿತು. 2020ರಲ್ಲಿ ಗೇಮ್ ಕಂಪನಿಗಳು ಮಾಡಿದ್ದೂ ಅದನ್ನೇ. ಒಂದು ವ್ಯತ್ಯಾಸ ಇದೆ, ಅದು ದೊಡ್ಡದು. ಟೊಮೆಟೊ ನಾಟಿ ಮಾಡಿ ಎರಡೂವರೆ ತಿಂಗಳಿಗೆ ರೇಟು ಗೊತ್ತಾಗುತ್ತದೆ. ಗೇಮಿಗೆ ನಾಲ್ಕೈದು ವರ್ಷ ಕಾಯಬೇಕು. ರೈತ ಗಿಡ ಉತ್ತು ಬೇರೆ ಬೆಳೆ ಹಾಕಬಹುದು. ನಿಂತುಹೋದ ಗೇಮಿನಲ್ಲಿ ದುಡಿದವರಿಗೆ ಆ ನಾಲ್ಕು ವರ್ಷದ ಕೆಲಸವನ್ನು ಯಾರಿಗೂ ತೋರಿಸುವಂತಿಲ್ಲ, ಗೋಪ್ಯತೆಯ ಕರಾರು ಇರುತ್ತದೆ. ಆಟ ಬಿಡುಗಡೆಯೇ ಆಗದಿದ್ದರೆ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯೂ ಇಲ್ಲ.

ಇಷ್ಟು ತಿಳಿದ ಊರು, ರೇಟು ಬಿದ್ದ ರೈತನಿಗೆ "ನೀನು ಸರಿಯಾಗಿ ಬೆಳೀಲಿಲ್ಲ" ಎಂದು ಎಂದೂ ಹೇಳದ ಊರು, ಅಮೆರಿಕದಲ್ಲಿ ಕೆಲಸ ಹೋಯಿತೆಂದರೆ "ಅಲ್ಲೇನು ಮಾಡ್ಕೊಂಡ್ಲೋ" ಅನ್ನುತ್ತದೆ. ಈ ಮಾತು ನೋಯಿಸುತ್ತದೆ. ಪಕ್ಕದ ಮನೆಯವರು ಮೂರು ವಾರ ಮುಳಬಾಗಿಲಿಗೆ ಹೇಳಿಯೇ ಇರಲಿಲ್ಲ. ನಾಗರಪಂಚಮಿಗೆ ಫೋನ್ ಬಂದಾಗ ಆಫೀಸಿನಲ್ಲಿದ್ದೇನೆ ಅಂದಿದ್ದರಂತೆ.

ಆ ಮೂರು ವಾರ ಬಲು ದುಬಾರಿ. ಎಚ್1ಬಿ, ಅಂದರೆ ಕಂಪನಿಯ ಕೆಲಸಕ್ಕೆ ಕಟ್ಟಿದ ವೀಸಾದವರಿಗೆ, ಬೇರೆ ಕೆಲಸ ಹುಡುಕಿಕೊಳ್ಳಲು ಕೆಲಸದ ಕೊನೆಯ ದಿನದಿಂದ ಸಿಗುವುದು ಹೆಚ್ಚೆಂದರೆ 60 ದಿನ. ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ ಐ-94 ಅದಕ್ಕೂ ಮೊದಲೇ ಮುಗಿಯುವಂತಿದ್ದರೆ ಅಷ್ಟೂ ಇಲ್ಲ. ಸಾಮಾನ್ಯವಾಗಿ ಕೊನೆಯ ದಿನ ಅಂದರೆ ಸಂಬಳ ಸಿಗುವ ಕೊನೆಯ ದಿನ. ಒಟ್ಟಿಗೆ ಕೊಡುವ ಪರಿಹಾರದ ಮೊತ್ತದಿಂದ ದಿನ ಹೆಚ್ಚುವುದಿಲ್ಲ. ಹಾಗಾಗಿ ಮೊದಲ ಕೆಲಸ, ಆ ತಾರೀಕನ್ನು ಎಚ್‌ಆರ್‌ನಿಂದ ಲಿಖಿತವಾಗಿ ಪಡೆಯುವುದು. ಎರಡನೆಯದು ಐ-797 (ವೀಸಾ ಅರ್ಜಿ ಒಪ್ಪಿದ ಪತ್ರ), ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ), ಸಂಬಳದ ಚೀಟಿ, ಅನುಭವ ಪತ್ರ ತೆಗೆದಿಟ್ಟುಕೊಳ್ಳುವುದು. ಲ್ಯಾಪ್‌ಟಾಪ್ ಅದೇ ದಿನ ಮುಚ್ಚಿಹೋಗುತ್ತದೆ. ಕಂಪನಿಯ ಫೈಲುಗಳನ್ನು ಮಾತ್ರ ಮುಟ್ಟಬಾರದು. ಹೊಸ ಕಂಪನಿ 60 ದಿನದೊಳಗೆ ವೀಸಾ ಅರ್ಜಿ ಹಾಕಬೇಕು. ಅದಕ್ಕೂ ಮುಂಚೆ ಅಲ್ಲಿನ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಅನ್ನುವ ಒಪ್ಪಿಗೆ ಬರಬೇಕು, ಅದಕ್ಕೇ ಏಳು ಕೆಲಸದ ದಿನ. ಹಾಗಾಗಿ 45ನೇ ದಿನದ ಹೊತ್ತಿಗೆ ಆಫರ್ ಕೈಯಲ್ಲಿರಬೇಕು ಅಂತ ಲೆಕ್ಕ ಹಾಕಿ. ಗೇಮ್ ಕಂಪನಿಗಳಲ್ಲಿ ಆರ್ಟ್ ಟೆಸ್ಟ್, ತಂಡದ ಜೊತೆ ಮಾತು, ಮತ್ತೆ ಮಾತು ಅಂತ ವಾರಗಳು ಹೋಗುತ್ತವೆ. ಸಿಗಲಿಲ್ಲವೆಂದರೆ ಗಡುವಿನೊಳಗೆ ಐ-539 ಅರ್ಜಿ ಹಾಕಿ ಬಿ-2ಗೆ, ಅಂದರೆ ಪ್ರವಾಸಿಯಾಗಿ ಇರಲು, ಬದಲಾಗಲು ಕೇಳಬಹುದು. ಅದರಲ್ಲಿ ಕೆಲಸ ಮಾಡುವಂತಿಲ್ಲ. ಪಕ್ಕದ ಮನೆಯಲ್ಲಿ ಗಂಡನದು ಎಚ್4, ಅಂದರೆ ಎಚ್1ಬಿಯವರ ಮನೆಯವರಿಗೆ ಸಿಗುವ ವೀಸಾ, ಅವರ ಕೆಲಸದ ಪರವಾನಗಿಯೂ ಹೆಂಡತಿಯ ವೀಸಾಕ್ಕೇ ಕಟ್ಟುಬಿದ್ದಿದೆ. ಕಂಪನಿಯ ಆರೋಗ್ಯ ವಿಮೆಯನ್ನು 18 ತಿಂಗಳವರೆಗೆ ಮುಂದುವರಿಸಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಕಂತು, ಮೇಲೆ ಶೇ 2 ನಾವೇ ಕಟ್ಟಬೇಕು.

ನಮ್ಮ ರಾಜ್ಯ 2024ರಿಂದ 2029ರವರೆಗಿನ ಎವಿಜಿಸಿ (ಅನಿಮೇಶನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್) ನೀತಿಯಲ್ಲಿ 30,000 ಉದ್ಯೋಗದ ಗುರಿ ಇಟ್ಟುಕೊಂಡಿದೆ. ಅದನ್ನು ನೋಡಿ ಮಕ್ಕಳನ್ನು ಗೇಮ್ ಡಿಸೈನ್ ಕೋರ್ಸಿಗೆ ಹಾಕುವವರು ಕೋಲಾರದಲ್ಲೂ ಇದ್ದಾರೆ. ಹಾಕಿ, ಒಳ್ಳೆಯ ಕಸುಬು ಅದು. ಆದರೆ ಫೀಸು ಕಟ್ಟುವ ಮೊದಲು, ಕಲಿಸುವವರು ಬಿಡುಗಡೆಯಾದ ಯಾವ ಆಟದಲ್ಲಿ ಕೆಲಸ ಮಾಡಿದ್ದಾರೆ ಅಂತ ಕೇಳಿ. ಮಗುವಿಗೆ ಸಿ++ ಅಥವಾ ಪೈಥಾನ್ ಗಟ್ಟಿಯಾಗಿ ಬರಲಿ, ಗೇಮ್ ಇಲ್ಲದಿದ್ದರೆ ಬೇರೆ ಸಾಫ್ಟ್‌ವೇರ್‌ಗೆ ಹೋಗಬಹುದು. ರಿಗ್ಗಿಂಗ್ ಒಂದನ್ನೇ ಕಲಿತವರಿಗೆ ಸಿನಿಮಾ, ಜಾಹೀರಾತು ಬಿಟ್ಟರೆ ದಾರಿ ಕಡಿಮೆ.

ಮೊನ್ನೆ ಭಾನುವಾರ ಪಕ್ಕದ ಮನೆಯಾಕೆ ಕೊನೆಗೂ ಅಪ್ಪನಿಗೆ ಫೋನ್ ಮಾಡಿ ಹೇಳಿದರು. ಅವರು ವಡ್ಡಹಳ್ಳಿ ಮಾರ್ಕೆಟ್ಟಿಗೆ ಮೂವತ್ತು ವರ್ಷದಿಂದ ಟೊಮೆಟೊ ಹಾಕುತ್ತಿರುವ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರಂತೆ: "ನಿನ್ನೊಬ್ಬಳನ್ನೇ ತೆಗೆದ್ರೇನಮ್ಮ?"

"ಇಲ್ಲಪ್ಪ, ಇಡೀ ತಂಡಾನೇ."

"ಹಂಗಾದ್ರೆ ರೇಟು ಬಿದ್ದೋಗೈತೆ ಅನ್ನು," ಅಂದರಂತೆ. ಆಮೇಲೆ ಈ ಸಲ ಟೊಮೆಟೊ ಅರ್ಧ ಎಕರೆಗೆ ಇಳಿಸಿ ಉಳಿದದ್ದಕ್ಕೆ ಬೀನ್ಸ್ ಹಾಕಿರುವುದನ್ನು ಹೇಳಿ, ಮೊಮ್ಮಗನಿಗೆ ಫೋನ್ ಕೊಡು ಅಂದರಂತೆ.