ಓಲ್ಡ್ ವಾರ್ಡನ್‌ನಲ್ಲಿ ಕದಿರು, ಗುಡಿಸಲು ಮತ್ತು ಎರಡು ತಂತಿಗಳು

ಲಂಡನ್ನಿನಿಂದ ಉತ್ತರಕ್ಕೆ ಹೊರಟ ರೈಲನ್ನು ಬಿಗಲ್ಸ್‌ವೇಡ್‌ನಲ್ಲಿ ಇಳಿದು, ಮಗಳೊಡನೆ ಟ್ಯಾಕ್ಸಿಯಲ್ಲಿ ಓಲ್ಡ್ ವಾರ್ಡನ್ ಎಂಬ ಹಳ್ಳಿಗೆ ಹೋದೆ. ರಿಚರ್ಡ್ ಶಟಲ್‌ವರ್ತ್ 1928ರಲ್ಲಿ ಆರಂಭಿಸಿದ ಸಂಗ್ರಹದ ಹಳೆಯ ವಿಮಾನಗಳು ಅಲ್ಲಿನ ಹುಲ್ಲಿನ ರನ್‌ವೇ ಪಕ್ಕದ ಹ್ಯಾಂಗರ್‌ಗಳಲ್ಲಿ ನಿಂತಿವೆ. ಫ್ಯೂಸಲಾಜ್, ಲಾಂಜರಾನ್, ಕಬಾನ್, ಎಂಪನಾಜ್ ಎಂದು ವಿಮಾನದ ಭಾಗಗಳ ಅರ್ಥವಾಗದ ಹೆಸರುಗಳನ್ನೆಲ್ಲ ಬರೆದುಕೊಂಡಿದ್ದ ಪುಸ್ತಕ ನನ್ನ ಕೈಯಲ್ಲಿತ್ತು.

ಗಂಟು ಮೊದಲು ಸಡಿಲಿದ್ದು 1909ರ ಬ್ಲೆರಿಯೊ ವಿಮಾನದ ಮುಂದೆ. ಲೂಯಿ ಬ್ಲೆರಿಯೊ ಆ ವರ್ಷದ ಜುಲೈ 25ರಂದು ಇಂಗ್ಲಿಷ್ ಕಾಲುವೆ ದಾಟಿದ್ದು ಇದೇ ಮಾದರಿಯಲ್ಲಿ. ಅದರ ಒಡಲಿನ ಹಿಂಭಾಗಕ್ಕೆ ಬಟ್ಟೆ ಹೊದಿಸಿಲ್ಲವಾದ್ದರಿಂದ ಉದ್ದಕ್ಕೂ ಚಾಚಿದ ನಾಲ್ಕು ಮರದ ತೊಲೆಗಳು ಕಣ್ಣಿಗೇ ಕಾಣುತ್ತವೆ. ಲಾಂಜರಾನ್ ಎಂದರೆ ಅವೇ. ಪೈಲಟ್ ಕೂರುವಲ್ಲಿ ಮೇಲಕ್ಕೆದ್ದ ಕೊಳವೆಗಳು ತುದಿಯಲ್ಲಿ ಕೂಡಿಕೊಂಡಿದ್ದು, ಅಲ್ಲಿಂದ ರೆಕ್ಕೆಗಳಿಗೆ ತಂತಿಗಳು ಇಳಿದಿವೆ. ಶಾಲೆಯಲ್ಲಿ ಫ್ರೆಂಚ್ ಕಲಿತಿದ್ದ ಮಗಳು, "ಕಬಾನ್ ಅಂದ್ರೆ ಗುಡಿಸಲು ಅಪ್ಪಾ, ಹುಲ್ಲು ಹೊದಿಸೋಕೆ ಮುಂಚಿನ ಗುಡಿಸಲು ನೋಡು" ಎಂದಳು. ವಿಮಾನದ ಒಡಲಿನ ಹೆಸರಾದ ಫ್ಯೂಸಲಾಜ್ ಎಂಬುದು ಕದಿರಿನ ಆಕಾರವನ್ನು ಸೂಚಿಸುವ ಮಾತಿನಿಂದ ಬಂದದ್ದೆಂದು ಅವಳು ಹೇಳಿದಾಗ, ನೂಲು ಸುತ್ತಿಕೊಂಡು ನಡು ಉಬ್ಬಿ ತುದಿ ಸಪೂರವಾಗಿರುತ್ತಿದ್ದ ಅಜ್ಜಿಯ ಕದಿರು ಕಣ್ಣ ಮುಂದೆ ಬಂತು.

1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ಮಾದರಿಯ ಎರಡಂತಸ್ತಿನ ರೆಕ್ಕೆಗಳ ಬಳಿ ನಾನು ಹೆಚ್ಚು ಹೊತ್ತು ನಿಂತೆ. ಬೆಂಗಳೂರಿನಲ್ಲಿ ನಾನು ನೋಡಿ ಬೆಳೆದ ಎಚ್‌ಎಎಲ್‌ನ ಎಚ್‌ಟಿ-2 ಒಂಟಿ ರೆಕ್ಕೆಯ ಲೋಹದ ವಿಮಾನವಾದ್ದರಿಂದ ಅದಕ್ಕೆ ಈ ತಂತಿಗಳ ಹಂಗೇ ಇರಲಿಲ್ಲ. ಇಲ್ಲಿ ಒಂದು ತಂತಿಗೆ ಫ್ಲೈಯಿಂಗ್ ವೈರ್, ಇನ್ನೊಂದಕ್ಕೆ ಲ್ಯಾಂಡಿಂಗ್ ವೈರ್ ಎಂದು ಹೆಸರು; ಎರಡನೆಯದು ಚಕ್ರಗಳಿಗೆ ಸಂಬಂಧಿಸಿದ್ದೆಂದು ನಾನು ಬರೆದುಕೊಂಡಿದ್ದೆ. ಅಲ್ಲಿದ್ದ ಹಿರಿಯ ಸ್ವಯಂಸೇವಕರೊಬ್ಬರು ಎರಡೂ ತೋಳುಗಳನ್ನು ಅಗಲಿಸಿ, ಮೊದಲು ಮೇಲಕ್ಕೆತ್ತಿ, ಆಮೇಲೆ ನಿಧಾನವಾಗಿ ಜೋತುಬಿಟ್ಟು ತೋರಿಸಿದರು. ಹಾರುವಾಗ ಮೇಲಕ್ಕೆ ಸೆಳೆಯುವ ರೆಕ್ಕೆಯನ್ನು ಒಡಲಿನ ಬುಡದಿಂದ, ಎರಡು ರೆಕ್ಕೆಗಳ ನಡುವೆ ಹೊರತುದಿಯತ್ತ ನಿಂತ ಹೊರಗಂಬದ ತಲೆಯವರೆಗೆ ಏರಿದ ತಂತಿ ಹಿಡಿದಿಡುತ್ತದೆ. ನೆಲದಲ್ಲಿ ನಿಂತಾಗ ಜೋಲುವ ರೆಕ್ಕೆಯನ್ನು, ಇಲ್ಲಿ ಒಡಲಿನ ಮೇಲೆ ಮೇಲಿನ ರೆಕ್ಕೆಯನ್ನು ಹೊತ್ತು ನಿಂತ ಕಬಾನ್‌ನ ತಲೆಯಿಂದ ಹೊರಗಂಬದ ಬುಡಕ್ಕೆ ಇಳಿದ ತಂತಿ ಹೊರುತ್ತದೆ. ತಂತಿಯ ಹೆಸರು ಅದು ಎಲ್ಲಿದೆ ಎಂಬುದನ್ನಲ್ಲ, ಯಾವಾಗ ದುಡಿಯುತ್ತದೆ ಎಂಬುದನ್ನು ಹೇಳುತ್ತದೆ. ಹತ್ತಿರದಿಂದ ನೋಡಿದರೆ ಈ ತಂತಿಗಳು ದುಂಡಗಿಲ್ಲ, ಗಾಳಿಯನ್ನು ಸೀಳುವಂತೆ ಚಪ್ಪಟೆಯಾಗಿವೆ.

ಈ ವಿಮಾನದ ಗುಡಿಸಲಿಗೆ ಇನ್ನೊಂದು ಕಥೆಯಿದೆ. ಮುಂದಿನ ಸೀಟಿನವರು ಪ್ಯಾರಾಚೂಟ್ ಕಟ್ಟಿಕೊಂಡು ಸುಲಭವಾಗಿ ಹೊರಬರಲೆಂದು ಕಬಾನ್ ಕಂಬಗಳನ್ನು ಮುಂದಕ್ಕೆ ಸರಿಸಿದರು. ಅದರಿಂದ ಕೆಟ್ಟ ಸಮತೋಲನವನ್ನು ಸರಿಪಡಿಸಲು ರೆಕ್ಕೆಗಳನ್ನು ಹಿಂದಕ್ಕೆ ವಾಲಿಸಿದರು. ನೋಡಲು ಇಷ್ಟು ಚೆಂದವಿರುವ ಆ ವಾಲಿಕೆ ಹುಟ್ಟಿದ್ದು ಒಂದು ಜೀವ ಉಳಿಯಲೆಂಬ ಕಾಳಜಿಯಿಂದ ಎಂದು ತಿಳಿದ ಮೇಲೆ ವಿಮಾನದ ಮೇಲಿನ ನನ್ನ ಗೌರವ ಇಮ್ಮಡಿಸಿತು. ರೆಕ್ಕೆಯ ಬಟ್ಟೆಗೆ ಬಳಿಯುವ ಡೋಪ್ ಎಂಬ ದ್ರವ ಒಣಗುತ್ತ, ಬೆಂಕಿಗೆ ಕಾಯಿಸಿದ ತಮಟೆಯ ಚರ್ಮದಂತೆ ಅದನ್ನು ಬಿಗಿಗೊಳಿಸುತ್ತದೆ ಎಂಬುದನ್ನೂ ಆ ಹಿರಿಯರೇ ತಿಳಿಸಿದರು.

ಹಿಂದಿರುಗುವ ರೈಲಿನಲ್ಲಿ ಪುಸ್ತಕ ತೆರೆದು 'ಚಕ್ರ' ಎಂಬುದನ್ನು ಹೊಡೆದುಹಾಕಿದೆ. ವಿಮಾನದ ಬಾಲದ ಹೆಸರಾದ ಎಂಪನಾಜ್ ಒಂದು ಉಳಿದಿತ್ತು. ಮಗಳು ಪೆನ್ನು ತೆಗೆದುಕೊಂಡು ಅದರ ಮುಂದೆ ಬರೆದಳು: ಬಾಣದ ಹಿಂತುದಿಗೆ ಕಟ್ಟುವ ಗರಿ.