ಎಣ್ಣೆ ತಂತ್ರಜ್ಞಾನ: ಲ್ಯಾಬ್ ರೆಕಾರ್ಡಿನ ಅಂಕಿ ರಿಫೈನರಿಗೆ ಹೋದಾಗ

ಕೆಮಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಎಣ್ಣೆ ತಂತ್ರಜ್ಞಾನ ಆರಿಸಿಕೊಂಡವರು ಮೊದಲ ಸೆಮಿಸ್ಟರಿನಲ್ಲೇ ನಾಲ್ಕೈದು ಹೆಸರು ಬಾಯಿಪಾಠ ಮಾಡಿಬಿಡುತ್ತಾರೆ: ಎಫ್‌ಎಫ್‌ಎ (ಎಣ್ಣೆಯಲ್ಲಿ ಬಿಡಿಯಾಗಿರುವ ಕೊಬ್ಬಿನಾಮ್ಲ), ಸಪೋನಿಫಿಕೇಶನ್ ವ್ಯಾಲ್ಯೂ, ಅಯೋಡಿನ್ ವ್ಯಾಲ್ಯೂ, ಪೆರಾಕ್ಸೈಡ್ ವ್ಯಾಲ್ಯೂ. ಸೂತ್ರ ಬರುತ್ತದೆ, ರೆಕಾರ್ಡಿಗೆ ಸಹಿಯೂ ಬೀಳುತ್ತದೆ. ಇದೇ ಎಣ್ಣೆ 10 ಟನ್ ಇದ್ದರೆ ಎಷ್ಟು ಕಾಸ್ಟಿಕ್ (ಕಾಸ್ಟಿಕ್ ಸೋಡಾ) ಹಾಕುತ್ತೀರಿ, ಕೊನೆಗೆ ಎಷ್ಟು ಎಣ್ಣೆ ಕೈಗೆ ಸಿಗುತ್ತದೆ ಎಂದು ವೈವಾದಲ್ಲಿ ಕೇಳಿದರೆ ಮಾತ್ರ ತಡವರಿಸುತ್ತಾರೆ. ಈ ವಿಷಯವನ್ನು ಬರೀ ರಸಾಯನಶಾಸ್ತ್ರದವರಿಗೆ ಬಿಡದೆ ಎಂಜಿನಿಯರಿಂಗ್ ವಿಭಾಗದಲ್ಲಿ ಇಟ್ಟಿರುವುದೇ ಆ ಪ್ರಶ್ನೆಗಾಗಿ.

ನಮ್ಮ ದೇಶದಲ್ಲಿ ಇದನ್ನು ಕಲಿಸುವ ಹಳೆಯ ಜಾಗಗಳು ಕೆಲವೇ. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ವಿಭಾಗವಾಗಿ ಶುರುವಾಗಿ ಇಂದು ಐಸಿಟಿ (ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ) ಎನಿಸಿಕೊಂಡಿರುವ ಸಂಸ್ಥೆ, ಕಾನ್ಪುರದ ಹಾರ್ಕೋರ್ಟ್ ಬಟ್ಲರ್, ನಾಗಪುರದ ಲಕ್ಷ್ಮೀನಾರಾಯಣ, ನಮ್ಮ ಗಡಿಯಾಚೆ ಅನಂತಪುರದಲ್ಲಿ ಜೆಎನ್‌ಟಿಯು ಅಡಿಯ ಎಣ್ಣೆ ಸಂಶೋಧನಾ ಸಂಸ್ಥೆ. ಕರ್ನಾಟಕದವರಿಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ ಇದೆ. ಇನ್ನು ಎಣ್ಣೆ ಗಿರಣಿ ನೋಡಬೇಕೆಂದರೆ ಚಳ್ಳಕೆರೆ ಇದೆ, ಅಕ್ಕಿ ತೌಡು ನೋಡಬೇಕೆಂದರೆ ಗಂಗಾವತಿ, ಸಿಂಧನೂರು ಇವೆ.

ಎಫ್‌ಎಫ್‌ಎ ಇಂದಲೇ ಶುರು ಮಾಡೋಣ, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಎಣ್ಣೆ ತೂಗಿ, ಮೊದಲೇ ನ್ಯೂಟ್ರಲೈಸ್ ಮಾಡಿದ ಬಿಸಿ ಆಲ್ಕೋಹಾಲ್ 50 ಮಿ.ಲೀ. ಹಾಕಿ, ಫಿನಾಲ್ಫ್ತಲೀನ್ (ಆಮ್ಲ ಮುಗಿದಾಗ ಗುಲಾಬಿಯಾಗುವ ಸೂಚಕ) ಎರಡು ಹನಿ ಬಿಟ್ಟು, ಕಾಸ್ಟಿಕ್ ದ್ರಾವಣದಿಂದ ಟೈಟ್ರೇಟ್ ಮಾಡುವುದು. ಒಲಿಯಿಕ್ ಆಮ್ಲದ ಲೆಕ್ಕದಲ್ಲಿ ಎಫ್‌ಎಫ್‌ಎ ಶೇಕಡಾ ಅಂದರೆ 28.2 × ಕಾಸ್ಟಿಕ್‌ನ ಮಿ.ಲೀ. × ಅದರ ನಾರ್ಮಾಲಿಟಿ (ದ್ರಾವಣದ ಬಲ) ÷ ಎಣ್ಣೆಯ ಗ್ರಾಂ. ತೆಂಗಿನೆಣ್ಣೆಗೆ ಲಾರಿಕ್ ಲೆಕ್ಕ, ಗುಣಕ 20.0, ತಾಳೆ ಎಣ್ಣೆಗೆ ಪಾಮಿಟಿಕ್, 25.6. ಯಾವ ಆಮ್ಲದ ಲೆಕ್ಕ ಎಂದು ಬರೆಯದ ಎಫ್‌ಎಫ್‌ಎ ಅಂಕಿ ಅರ್ಧ ಅಂಕಿ ಮಾತ್ರ.

ಎಷ್ಟು ಎಣ್ಣೆ ತೂಗಬೇಕು? ಮ್ಯಾನುಯಲ್‌ಗಳಲ್ಲಿ 28.2 ಗ್ರಾಂ, 7.05 ಗ್ರಾಂ, 56.4 ಗ್ರಾಂ ಎಂಬ ವಿಚಿತ್ರ ತೂಕಗಳಿರುತ್ತವೆ. ಅವನ್ನು ಉರು ಹೊಡೆಯುವ ಬದಲು ಸೂತ್ರದಲ್ಲಿ ಹಾಕಿ ನೋಡಿ. 28.2 ಗ್ರಾಂ ಎಣ್ಣೆಗೆ 0.1 ನಾರ್ಮಲ್ ಕಾಸ್ಟಿಕ್ ಬಳಸಿದರೆ 1 ಮಿ.ಲೀ. ಎಂದರೆ ನೇರವಾಗಿ 0.1%. 7.05 ಗ್ರಾಂಗೆ 0.25 ನಾರ್ಮಲ್ ಆದರೆ 1 ಮಿ.ಲೀ. ಎಂದರೆ 1%. ಗಿರಣಿಯಲ್ಲಿ ರಾತ್ರಿ ಪಾಳಿಯ ಕೆಮಿಸ್ಟ್ ಕ್ಯಾಲ್ಕ್ಯುಲೇಟರ್ ಮುಟ್ಟದೆ ಬ್ಯೂರೆಟ್ ನೋಡಿಯೇ ಅಂಕಿ ಹೇಳಲಿ ಎಂದು ಮಾಡಿದ ಏರ್ಪಾಡು ಅದು.

ಕಾಲೇಜು ಲ್ಯಾಬುಗಳಲ್ಲಿ ಎಲ್ಲಕ್ಕೂ 5 ಗ್ರಾಂ ತೂಗುವ ರೂಢಿ ಇದೆ. ಕಚ್ಚಾ ತೌಡಿನ ಎಣ್ಣೆಗೆ ನಡೆಯುತ್ತದೆ. 0.05% ಎಫ್‌ಎಫ್‌ಎ ಇರುವ ರಿಫೈನ್ಡ್ ಎಣ್ಣೆಗೆ 5 ಗ್ರಾಂ ತೆಗೆದುಕೊಂಡರೆ ಬೇಕಾಗುವ 0.1 ನಾರ್ಮಲ್ ಕಾಸ್ಟಿಕ್ 0.09 ಮಿ.ಲೀ.ಗಿಂತ ಕಡಿಮೆ, ಅಂದರೆ ಸುಮಾರು ಎರಡು ಹನಿ. ಒಂದು ಹನಿ ಹೆಚ್ಚು ಬಿದ್ದರೆ ಉತ್ತರ ಒಂದೂವರೆ ಪಟ್ಟು. 56.4 ಗ್ರಾಂ ತೂಗಿದರೆ ಅದೇ ಎಣ್ಣೆಗೆ 1 ಮಿ.ಲೀ. ಹಿಡಿಯುತ್ತದೆ, ಆಗ ಅಂಕಿಗೆ ಅರ್ಥವಿರುತ್ತದೆ. ಆಲ್ಕೋಹಾಲನ್ನು ನ್ಯೂಟ್ರಲೈಸ್ ಮಾಡಲು ಮರೆತರೆ ಅದರ ಆಮ್ಲವೂ ಎಣ್ಣೆಯ ಲೆಕ್ಕಕ್ಕೇ ಸೇರುತ್ತದೆ. ಕಪ್ಪು ಹಸಿರಿನ ತೌಡಿನ ಎಣ್ಣೆಯಲ್ಲಿ ಗುಲಾಬಿ ಬಣ್ಣ ಕಾಣುವುದೇ ಇಲ್ಲ. ಅಲ್ಲಿ ಆಲ್ಕಲಿ ಬ್ಲೂ 6ಬಿ ಬಳಸಿ. ಗುಲಾಬಿ ಅರ್ಧ ನಿಮಿಷ ನಿಂತರೆ ಸಾಕು. ಆಮೇಲೆ ಮಾಸಿತೆಂದು ಮತ್ತೆ ಕಾಸ್ಟಿಕ್ ಬಿಡುತ್ತಾ ಹೋಗಬೇಡಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಅದನ್ನು ತಿನ್ನುತ್ತಲೇ ಇರುತ್ತದೆ.

ಈಗ ಈ ಅಂಕಿಯನ್ನು ರಿಫೈನರಿಗೆ ಒಯ್ಯೋಣ. ಅಲ್ಲಿ ಕಾಸ್ಟಿಕ್ ಈ ಆಮ್ಲವನ್ನು ಸೋಪು ಮಾಡಿ ಎಣ್ಣೆಯಿಂದ ಬೇರೆ ಮಾಡುತ್ತದೆ. ಕಾಸ್ಟಿಕ್ ಸೋಡಾದ ಅಣುತೂಕ 40, ಒಲಿಯಿಕ್ ಆಮ್ಲದ್ದು 282, ಭಾಗಿಸಿದರೆ 0.142. 10 ಟನ್ ಶೇಂಗಾ ಎಣ್ಣೆಯಲ್ಲಿ 1.5% ಎಫ್‌ಎಫ್‌ಎ ಇದೆ ಅಂದರೆ 150 ಕೆಜಿ ಆಮ್ಲ. ಬೇಕಾದ ಕಾಸ್ಟಿಕ್ 21.3 ಕೆಜಿ. ಅದರ ಮೇಲೆ 15% ಹೆಚ್ಚುವರಿ ಸೇರಿಸಿದರೆ 24.5 ಕೆಜಿ. 16 ಡಿಗ್ರಿ ಬೋಮೆ (ಸಾಂದ್ರತೆಯ ಅಳತೆ) ಲೈನಲ್ಲಿ, ಅಂದರೆ ಕಾಸ್ಟಿಕ್ ದ್ರಾವಣದಲ್ಲಿ, ಕಾಸ್ಟಿಕ್ 11.06% ಇರುತ್ತದೆ, ಹಾಗಾಗಿ ತೂಗಬೇಕಾದ್ದು ಸುಮಾರು 221 ಕೆಜಿ ಲೈ. ಇಲ್ಲೊಂದು ಎಡವಟ್ಟು ಇದೆ. ಪಠ್ಯದ ಲೆಕ್ಕಗಳಲ್ಲಿ ಹೆಚ್ಚುವರಿ ಎಂದರೆ ಬೇಕಾದ ಕಾಸ್ಟಿಕ್‌ನ ಶೇಕಡಾವಾರು. ಅನೇಕ ರಿಫೈನರಿಗಳಲ್ಲಿ ಅದು ಎಣ್ಣೆಯ ತೂಕದ ಶೇಕಡಾವಾರು. 0.1% ಹೆಚ್ಚುವರಿ ಎಂದು ಅವರು ಹೇಳಿದರೆ 10 ಟನ್‌ಗೆ 10 ಕೆಜಿ ಒಣ ಕಾಸ್ಟಿಕ್ ಎಂದರ್ಥ. ಇಂಟರ್ನ್‌ಶಿಪ್‌ಗೆ ಹೋದವರು ಮೊದಲ ದಿನವೇ ಇದನ್ನು ಕೇಳಿಕೊಳ್ಳುವುದು ಒಳ್ಳೆಯದು.

ಲ್ಯಾಬ್‌ನಲ್ಲಿ 1.5ರ ಬದಲು 1.8 ಎಂದು ಓದಿದರೆ ಏನಾಗುತ್ತದೆ? ಇಲ್ಲದ 30 ಕೆಜಿ ಆಮ್ಲಕ್ಕೆ 4.26 ಕೆಜಿ ಕಾಸ್ಟಿಕ್ ಬೀಳುತ್ತದೆ. ಅದಕ್ಕೆ ಆಮ್ಲ ಸಿಗದಿದ್ದರೆ ಸುಮ್ಮನಿರುವುದಿಲ್ಲ, ಒಳ್ಳೆಯ ಎಣ್ಣೆಯನ್ನೇ ಸೋಪು ಮಾಡುತ್ತದೆ. 1 ಕೆಜಿ ಕಾಸ್ಟಿಕ್ 7 ಕೆಜಿಗೂ ಹೆಚ್ಚು ಟ್ರೈಗ್ಲಿಸರೈಡ್ ತಿನ್ನಬಲ್ಲದು; ಪೂರ್ತಿ ತಿಂದರೆ 30 ಕೆಜಿ ಎಣ್ಣೆ ಹೋಯಿತು. ಹಾಗೆ ಹುಟ್ಟಿದ ಸೋಪು ತನ್ನ ಜೊತೆ ಇನ್ನಷ್ಟು ಎಣ್ಣೆಯನ್ನು ಹಿಡಿದುಕೊಂಡು ಕೆಳಗಿಳಿಯುತ್ತದೆ, ಆ ನಷ್ಟ ಬೇರೆ. ಅದಕ್ಕೇ ಗಿರಣಿಯವರು ರಿಫೈನಿಂಗ್ ಫ್ಯಾಕ್ಟರ್ ಎಂಬ ಅಂಕಿ ಇಟ್ಟುಕೊಳ್ಳುತ್ತಾರೆ: ಒಟ್ಟು ನಷ್ಟವನ್ನು ಎಫ್‌ಎಫ್‌ಎ ಇಂದ ಭಾಗಿಸಿದ್ದು. 1.5% ಎಫ್‌ಎಫ್‌ಎ ಇದ್ದು 3% ನಷ್ಟವಾದರೆ ಫ್ಯಾಕ್ಟರ್ 2. ಮಾಲೀಕರು ಕೇಳುವುದು ಈ ಅಂಕಿಯನ್ನೇ ಹೊರತು ನಿಮ್ಮ ಬ್ಯೂರೆಟ್ ರೀಡಿಂಗನ್ನಲ್ಲ.

ಲ್ಯಾಬ್‌ನಲ್ಲಿ ಇದನ್ನು ಮಾಡಿ ನೋಡಲು 500 ಗ್ರಾಂ ಕಚ್ಚಾ ಎಣ್ಣೆ, 1 ಲೀಟರ್ ಬೀಕರ್, ವೇಗ ಬದಲಿಸಬಹುದಾದ ಸ್ಟಿರರ್ ಸಾಕು. ಎಫ್‌ಎಫ್‌ಎ 2% ಇದ್ದರೆ 1.42 ಗ್ರಾಂ ಕಾಸ್ಟಿಕ್, 20% ಹೆಚ್ಚುವರಿ ಸೇರಿ 1.70 ಗ್ರಾಂ, 16 ಬೋಮೆ ಲೈ ಆದರೆ 15.4 ಗ್ರಾಂ. ಪೆಲೆಟ್ ಕರಗಿಸಿದ ಕೂಡಲೇ ಹೈಡ್ರೋಮೀಟರ್ ಇಳಿಬಿಡಬೇಡಿ. ಲೈ ಬಿಸಿಯಿದ್ದಾಗ ಸಾಂದ್ರತೆ ಕಡಿಮೆ ತೋರಿಸುತ್ತದೆ. ಸಾಲಲಿಲ್ಲವೆಂದು ಇನ್ನಷ್ಟು ಪೆಲೆಟ್ ಹಾಕುತ್ತೀರಿ, ತಣ್ಣಗಾದ ಮೇಲೆ ನೋಡಿದರೆ 16 ಬೋಮೆ ದಾಟಿರುತ್ತದೆ.

ಕಾಸ್ಟಿಕ್‌ಗೂ ಮೊದಲು ಅಂಟು ತೆಗೆಯಬೇಕು. ಎಣ್ಣೆಯನ್ನು 65 ಡಿಗ್ರಿಗೆ ಕಾಯಿಸಿ ಸುಮಾರು 2% ಬಿಸಿನೀರು ಹಾಕಿ ನಿಧಾನ ಕಲಕಿದರೆ ನೀರು ಹೀರುವ ಫಾಸ್ಫಟೈಡ್‌ಗಳು ಉಬ್ಬಿ ಕೆಳಗೆ ಕೂರುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿರುವವು ನೀರಿಗೆ ಬಗ್ಗುವುದಿಲ್ಲ. ಅವಕ್ಕೆ ಮೊದಲು 0.1% ಆಸುಪಾಸು ಫಾಸ್ಫಾರಿಕ್ ಆಮ್ಲ ಬೇಕು. ಈ ಹೆಜ್ಜೆ ಹಾರಿಸಿದವರ ಬೀಕರಿನಲ್ಲಿ ಸೋಪು, ಎಣ್ಣೆ, ಅಂಟು ಮೂರೂ ಸೇರಿ ಮೊಸರಿನಂತಾಗಿ ಸಂಜೆವರೆಗೂ ಬೇರೆಯಾಗುವುದಿಲ್ಲ.

ಲೈ ಹಾಕುವಾಗ ಎಣ್ಣೆ ಹೆಚ್ಚು ಬಿಸಿ ಇರಬಾರದು. ಹತ್ತು ಹದಿನೈದು ನಿಮಿಷ ಜೋರಾಗಿ ಕಲಕಿ, ಆಮೇಲೆ ಸ್ಟಿರರ್ ನಿಧಾನ ಮಾಡಿ 60–65 ಡಿಗ್ರಿಗೆ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಸೋಪು ಕಣಕಣವಾಗಿ ಒಡೆದು, ನಡುವೆ ಎಣ್ಣೆ ತಿಳಿಯಾಗಿ ಕಾಣುತ್ತದೆ. ಅಲ್ಲೇ ನಿಲ್ಲಿಸಿ, ತಳಕ್ಕೆ ಕೂರಲು ಬಿಡಿ. ಒಡೆದ ಮೇಲೂ ಜೋರಾಗಿ ಕಲಕಿದರೆ ಕಣಗಳು ಪುಡಿಯಾಗಿ ಮತ್ತೆ ಎಮಲ್ಷನ್. ತೊಳೆಯುವ ನೀರು ಎಣ್ಣೆಗಿಂತ ಬಿಸಿ ಇರಲಿ, ಸುಮಾರು 90 ಡಿಗ್ರಿ, ಎಣ್ಣೆಯ 10–15%. ಮೊದಲ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಬೇಗ ಬೇರೆಯಾಗುತ್ತದೆ. ಬೋರ್‌ವೆಲ್ ಗಡಸು ನೀರು ಬೇಡವೇ ಬೇಡ: ಕ್ಯಾಲ್ಸಿಯಂ ಸೋಪು ನೀರಿಗೆ ಹೋಗದೆ ಎಣ್ಣೆಯಲ್ಲೇ ಉಳಿದು, ಮುಂದೆ ಬಣ್ಣ ಹೀರಲು ಹಾಕುವ ಬ್ಲೀಚಿಂಗ್ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ.

ತೌಡಿನ ಎಣ್ಣೆಯ ಕಥೆಯೇ ಬೇರೆ. ಅಕ್ಕಿ ಪಾಲಿಶ್ ಆದ ಗಳಿಗೆಯಿಂದ ತೌಡಿನ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ; ಗಂಟೆಗಳ ಲೆಕ್ಕದಲ್ಲಿ ಎಫ್‌ಎಫ್‌ಎ ಏರುತ್ತದೆ. ಕೂಡಲೇ ಹಬೆಯಲ್ಲಿ ಕಾಯಿಸಿ ಒಣಗಿಸಿದರೆ ಕಿಣ್ವ ಸಾಯುತ್ತದೆ, ಇಲ್ಲದಿದ್ದರೆ ಚೀಲದಲ್ಲೇ ಎಣ್ಣೆ ಕೆಟ್ಟಿರುತ್ತದೆ. 10% ಎಫ್‌ಎಫ್‌ಎ ಇರುವ ಇಂಥ ಎಣ್ಣೆಗೆ ಕಾಸ್ಟಿಕ್ ಹಾಕಿದರೆ, ಫ್ಯಾಕ್ಟರ್ 2 ಎಂದುಕೊಂಡರೂ ಐದರಲ್ಲೊಂದು ಪಾಲು ಸೋಪ್‌ಸ್ಟಾಕ್‌ಗೆ (ತಳಕ್ಕೆ ಕೂರುವ ಸೋಪಿನ ಗಸಿಗೆ) ಹೋಗುತ್ತದೆ. ಲೇಬಲ್ ಮೇಲೆ ಹೊಗಳಿ ಬರೆಯುವ ಒರೈಜನಾಲ್ ಎಂಬ ಆಂಟಿಆಕ್ಸಿಡೆಂಟ್ ಕೂಡ ಬಹುಪಾಲು ಸೋಪಿನ ಜೊತೆಯೇ ಹೊರಟುಹೋಗುತ್ತದೆ. ಹಾಗಾಗಿ ಇದಕ್ಕೆ ಫಿಸಿಕಲ್ ರಿಫೈನಿಂಗ್: ಅಂಟು, ಮೇಣ ತೆಗೆದು, ಬ್ಲೀಚ್ ಮಾಡಿ, ಕೆಲವೇ ಮಿಲಿಬಾರ್ ನಿರ್ವಾತದಲ್ಲಿ 240 ಡಿಗ್ರಿ ಆಸುಪಾಸಿನಲ್ಲಿ ಹಬೆ ಹಾಯಿಸಿ ಆಮ್ಲವನ್ನು ಆವಿಯಾಗಿ ಹೊರಗೆಳೆಯುವುದು. ಷರತ್ತು ಒಂದೇ, ಅಲ್ಲಿಗೆ ಬರುವ ಹೊತ್ತಿಗೆ ಅಂಟಿನ ಗುರುತಾದ ರಂಜಕ 5 ಪಿಪಿಎಂ ಒಳಗಿರಬೇಕು. ಅಂಟು ಉಳಿದಿದ್ದರೆ ಆ ಬಿಸಿಯಲ್ಲಿ ಸುಟ್ಟು, ಬಣ್ಣ ಖಾಯಂ ಆಗಿ ನಿಲ್ಲುತ್ತದೆ. ಎಷ್ಟು ಮಣ್ಣು ಹಾಕಿದರೂ ಹೋಗದು. ತಾಪ ಏರಿಸಿದಷ್ಟೂ ಒಳ್ಳೆಯದೆಂದೂ ಅಲ್ಲ: ಟೊಕೊಫೆರಾಲ್ (ವಿಟಮಿನ್ ಇ) ಹೋಗುತ್ತದೆ, ಟ್ರಾನ್ಸ್ ಕೊಬ್ಬು, ಗ್ಲಿಸಿಡಿಲ್ ಎಸ್ಟರ್‌ನಂಥ ಹಾನಿಕಾರಕಗಳು ಹುಟ್ಟುತ್ತವೆ. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಮಿತಿ 2%.

ಅಯೋಡಿನ್ ವ್ಯಾಲ್ಯೂ, ಅಂದರೆ 100 ಗ್ರಾಂ ಎಣ್ಣೆ ಹೀರುವ ಅಯೋಡಿನ್ ಎಷ್ಟು ಗ್ರಾಂ ಎಂಬುದು, ಲ್ಯಾಬ್‌ನಲ್ಲಿ ಅತಿ ಹೆಚ್ಚು ತಪ್ಪಾಗುವ ಪ್ರಯೋಗ. ತಪ್ಪು ಸಾಮಾನ್ಯವಾಗಿ ತೂಕದಲ್ಲೇ. ಶೇಂಗಾ ಎಣ್ಣೆಗೆ ಬರಬೇಕಾದ್ದು 85ರಿಂದ 99. ಯಾರೋ 1 ಗ್ರಾಂ ತೂಗಿ, 25 ಮಿ.ಲೀ. ವೀಜ್ ದ್ರಾವಣ (ಅಸಿಟಿಕ್ ಆಮ್ಲದಲ್ಲಿ ಅಯೋಡಿನ್ ಮೊನೊಕ್ಲೋರೈಡ್) ಹಾಕಿ 60 ಎಂಬ ಉತ್ತರ ತರುತ್ತಾರೆ. ಬ್ಲಾಂಕ್ ರೀಡಿಂಗ್ (ಎಣ್ಣೆಯಿಲ್ಲದ ಫ್ಲಾಸ್ಕಿಗೆ ಹಿಡಿಯುವ 0.1 ನಾರ್ಮಲ್ ಥಯೋಸಲ್ಫೇಟ್) ಸುಮಾರು 50 ಮಿ.ಲೀ. ಎಂದುಕೊಳ್ಳಿ, 12.69 × 50 × 0.1 ÷ 1 ಎಂದರೆ 63. ಅಂದರೆ ಆ ಫ್ಲಾಸ್ಕಿನಲ್ಲಿದ್ದ ಅಯೋಡಿನ್ ಎಲ್ಲ ಖರ್ಚಾದರೂ 63ಕ್ಕಿಂತ ಹೆಚ್ಚು ಬರುವಂತೆಯೇ ಇಲ್ಲ. 0.2 ಗ್ರಾಂ ತೆಗೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ದ್ರಾವಣ ಉಳಿಯುತ್ತದೆ, ಕ್ರಿಯೆ ಪೂರ್ತಿಯಾಗುತ್ತದೆ. ತೆಂಗಿನೆಣ್ಣೆಯದು 7.5ರಿಂದ 10 ಮಾತ್ರ, ಅದಕ್ಕೆ 1 ಗ್ರಾಂಗಿಂತ ಹೆಚ್ಚೇ ಬೇಕು. ಫ್ಲಾಸ್ಕ್ ಒದ್ದೆ ಇರಬಾರದು. ಅರ್ಧ ಗಂಟೆ ಕತ್ತಲೆಯಲ್ಲಿಡಬೇಕು. ಪಿಷ್ಟವನ್ನು ಬಣ್ಣ ತಿಳಿ ಹಳದಿಗೆ ಇಳಿದ ಮೇಲೆಯೇ ಹಾಕಬೇಕು. ಅಸಿಟಿಕ್ ಆಮ್ಲ ಬಿಸಿಗೆ ಬಹಳ ಹಿಗ್ಗುವ ದ್ರವ, ಹಾಗಾಗಿ ಬ್ಲಾಂಕ್ ಬೆಳಿಗ್ಗೆ, ಸ್ಯಾಂಪಲ್ ಮಧ್ಯಾಹ್ನ ಎಂದು ಪಿಪೆಟ್ ಮಾಡಬೇಡಿ.

ಶೇಂಗಾ ಎಣ್ಣೆಯಲ್ಲಿ ಬೆರಕೆ ಹಿಡಿಯಲು ಬೆಲ್ಲಿಯರ್ ಪರೀಕ್ಷೆ ಇಂದಿಗೂ ಉಪಯುಕ್ತ. 1 ಮಿ.ಲೀ. ಎಣ್ಣೆಯನ್ನು ಆಲ್ಕೋಹಾಲಿಕ್ ಪೊಟ್ಯಾಶ್‌ನಲ್ಲಿ ಸೋಪು ಮಾಡಿ, ಅಸಿಟಿಕ್ ಆಮ್ಲದಿಂದ ಆಮ್ಲೀಯಗೊಳಿಸಿ, 50 ಮಿ.ಲೀ. 70% ಆಲ್ಕೋಹಾಲ್ ಹಾಕಿ ಕಲಕುತ್ತಾ ನಿಧಾನ ತಣಿಸಿದರೆ, ಶುದ್ಧ ಶೇಂಗಾ 39–41 ಡಿಗ್ರಿಯಲ್ಲಿ ಕದಡುತ್ತದೆ. ಅರಾಕಿಡಿಕ್, ಬೆಹೆನಿಕ್‌ನಂಥ ಉದ್ದ ಸರಪಳಿಯ ಆಮ್ಲಗಳು ಶೇಂಗಾದಲ್ಲಿ ಹೆಚ್ಚಿರುವುದೇ ಕಾರಣ. ಬೇಗ ತಣಿಸಿದರೆ ದ್ರಾವಣ ತಡವಾಗಿ ಕದಡಿ, ಒಳ್ಳೆಯ ಎಣ್ಣೆಯೂ ಬೆರಕೆ ಎನಿಸುತ್ತದೆ. ನಿಮಿಷಕ್ಕೆ 1 ಡಿಗ್ರಿ ಸಾಕು.

ಎಣ್ಣೆ ಕರಗಿಸಿ ತೆಗೆಯುವ ದ್ರಾವಕ ಹೆಕ್ಸೇನ್ ಬಗ್ಗೆ ಎರಡೇ ಮಾತು, ಆದರೆ ತಮಾಷೆಗಲ್ಲ. ಅದರ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಚರಂಡಿಯಲ್ಲಿ, ಮೇಜಿನ ಕೆಳಗೆ ಹರಿದು ದೂರದ ಬೆಂಕಿಗೆ ತಗಲುತ್ತದೆ. ಗಾಳಿಯಲ್ಲಿ ಶೇಕಡಾ ಒಂದರಷ್ಟಿದ್ದರೂ ಹೊತ್ತುತ್ತದೆ. ಸಾಕ್ಸ್‌ಲೆಟ್‌ಗೆ (ದ್ರಾವಕ ಕುದಿಸಿ ಎಣ್ಣೆ ತೆಗೆಯುವ ಉಪಕರಣ) ಬನ್ಸನ್ ಬರ್ನರ್ ಇಡುವವರಿದ್ದರೆ ಆ ಪ್ರಯೋಗವನ್ನೇ ನಿಲ್ಲಿಸಿ, ವಾಟರ್ ಬಾತ್ ತನ್ನಿ. ಕಂಡೆನ್ಸರಿಗೆ ನೀರು ಬಿಟ್ಟ ಮೇಲೆಯೇ ಬಿಸಿ ಆನ್ ಮಾಡಬೇಕು.

ಕೊನೆಗೆ ನಿಮ್ಮ 500 ಗ್ರಾಂನ ಮೆಟೀರಿಯಲ್ ಬ್ಯಾಲೆನ್ಸ್. ಬಹುತೇಕ ರೆಕಾರ್ಡುಗಳಲ್ಲಿ ಒಳಗೆ ಹೋದದ್ದು, ಹೊರಗೆ ಬಂದದ್ದು, ಉಳಿದದ್ದು ‘ಹ್ಯಾಂಡ್ಲಿಂಗ್ ಲಾಸ್’ ಎಂದಿರುತ್ತದೆ. ಆ ಒಂದು ಸಾಲನ್ನು ಒಡೆದು ನೋಡಿ. ಎಫ್‌ಎಫ್‌ಎ ಆಗಿ 10 ಗ್ರಾಂ ಹೋಗಲೇಬೇಕು. ಸೋಪ್‌ಸ್ಟಾಕನ್ನು ಪೂರ್ತಿ ತೂಗಿ, ಸ್ವಲ್ಪ ಭಾಗವನ್ನು ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ. ಮೇಲೆ ತೇಲುವ ಕೊಬ್ಬನ್ನು ಬರ್ನರ್ ಆರಿಸಿ ತಣಿಸಿದ ಮೇಲೆಯೇ ಹೆಕ್ಸೇನ್‌ನಿಂದ ತೆಗೆದು ಒಣಗಿಸಿ ತೂಗಿ, ಪೂರ್ತಿ ಸೋಪ್‌ಸ್ಟಾಕಿಗೆ ಲೆಕ್ಕ ಹಾಕಿದರೆ ಒಟ್ಟು ಕೊಬ್ಬು ಸಿಗುತ್ತದೆ. ಅದರಿಂದ ಆಮ್ಲದ 10 ಗ್ರಾಂ ಕಳೆದರೆ ಉಳಿದದ್ದು, ಕಾಸ್ಟಿಕ್ ತಿಂದ ಮತ್ತು ಸೋಪು ಎಳೆದೊಯ್ದ ಒಳ್ಳೆಯ ಎಣ್ಣೆ. 2% ಬ್ಲೀಚಿಂಗ್ ಮಣ್ಣು ಹಾಕಿದ್ದರೆ ಅದು 10 ಗ್ರಾಂ. ಸಾಮಾನ್ಯವಾಗಿ ತನ್ನ ತೂಕದ 20–30% ಎಣ್ಣೆ ಹಿಡಿದಿಡುತ್ತದೆ, ಅಲ್ಲಿ 2–3 ಗ್ರಾಂ. ಆ ಮಣ್ಣನ್ನು ಫಿಲ್ಟರ್ ಪೇಪರ್ ಸಮೇತ ಕಸದ ಬುಟ್ಟಿಗೆ ಎಸೆಯಬೇಡಿ. ಸೂರ್ಯಕಾಂತಿ, ಅಗಸೆಯಂಥ ಎಣ್ಣೆ ಹೀರಿದ ಮಣ್ಣು ಗಾಳಿಗೆ ಆಡುತ್ತಾ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ತೂಗಿ, ಅಂಕಿ ಬರೆದುಕೊಂಡು, ನೀರು ಚಿಮುಕಿಸಿ ಮುಚ್ಚಳದ ಲೋಹದ ಡಬ್ಬಿಯಲ್ಲಿಡಿ.