ಚೂಡಾ ಬೆಳಗ್ಗೆ ಆರಕ್ಕೆ ಎಂದು ಬರೆದವರಾರು?

ವಿಮಾನ ಇಳಿಯಲಾಗದ ತಿಂಗಳಲ್ಲೇ ವಿಮಾನದಲ್ಲಿ ಬರುವ ನೆಂಟರ ಮದುವೆಗಳೆಲ್ಲ ನಡೆಯುತ್ತವೆ. ಪಂಜಾಬಿನ ದೋಆಬಾದ ಸೀಸನ್ ಅಂದರೆ ಇಷ್ಟೇ. ಸಟ್ಲೆಜ್ ಮತ್ತು ಬಿಯಾಸ್ ನದಿಗಳ ನಡುವಿನ ಜಲಂಧರ್, ಹೋಷಿಯಾರ್‌ಪುರ, ಕಪುರ್ತಲಾ, ನವಾಂಶಹರ್ ಕಡೆಯ ಊರುಗಳಿಂದ ಕೆನಡಾ, ಇಂಗ್ಲೆಂಡಿಗೆ ಹೋದವರು ಲೆಕ್ಕವಿಲ್ಲದಷ್ಟು. ಅವರಿಗೆ ರಜೆ ಸಿಗುವುದು ಡಿಸೆಂಬರ್ ಕೊನೆಗೆ. ಅದೇ ಹೊತ್ತಿಗೆ ಅಮೃತಸರದ ಮೇಲೆ ಮಂಜು ಕವಿದು ವಿಮಾನಗಳು ದೆಹಲಿಗೆ ತಿರುಗುತ್ತವೆ. ದಾವಣಗೆರೆಯಿಂದ ಬಂದು ದೆಹಲಿಯ ಒಂದು ಸ್ಟುಡಿಯೊದಲ್ಲಿ ಮದುವೆಗಳ ಕ್ಯಾಂಡಿಡ್ ಫೋಟೊ ಮತ್ತು ಸಿನೆಮ್ಯಾಟಿಕ್ ವಿಡಿಯೊ ತೆಗೆಯುವ ನನಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ವಧುವಿಗೆ ಬಳೆ ತೊಡಿಸುವ ಚೂಡಾ ಶಾಸ್ತ್ರದ ದಿನ ಗೊತ್ತಿದ್ದು ಪ್ರಯೋಜನವಾಗಲಿಲ್ಲ, ಅಷ್ಟೆ.

ಫಗ್ವಾಡಾ ಹತ್ತಿರದ ಒಂದು ಹಳ್ಳಿ, ವಧುವಿನ ಮನೆ. ಮಾಯಿಯಾಂ, ಅಂದರೆ ಅರಿಶಿನ ಶಾಸ್ತ್ರದ ದಿನ ಎಲ್ಲವೂ ಸಲೀಸಾಗಿತ್ತು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ನಾಲ್ವರು ಹೆಂಗಸರು ಕಸೂತಿ ಹಾಕಿದ ಫುಲ್ಕಾರಿಯ ನಾಲ್ಕು ಮೂಲೆ ಹಿಡಿದು ಚಪ್ಪರದಂತೆ ಎತ್ತಿದರು. ಆ ಬಟ್ಟೆಯ ಮೂಲಕ ಇಳಿದ ಬಿಸಿಲಿಗೆ ಮುಖವೆಲ್ಲ ಕಿತ್ತಳೆ ಬಣ್ಣ. ವೈಟ್ ಬ್ಯಾಲೆನ್ಸ್ ಸರಿಮಾಡಲು ಹೋಗಬಾರದು, ಹಾಗೇ ಬಿಡಬೇಕು. ಇದನ್ನು ಬಣ್ಣ ತಿದ್ದುವ ಕಲರಿಸ್ಟ್‌ಗೆ ಎಷ್ಟು ಸಲ ಹೇಳಿದರೂ ಅವನು ಚರ್ಮವನ್ನು ಬೆಳ್ಳಗೆ ಮಾಡಿಯೇ ತೀರುತ್ತಾನೆ. ಅರಿಶಿನ, ಕಡಲೆ ಹಿಟ್ಟು, ಸಾಸಿವೆ ಎಣ್ಣೆ ಕಲಸಿದ ವಟಣಾ ಹಚ್ಚುವ ಗದ್ದಲದಲ್ಲಿ ನನ್ನ 35 ಎಂಎಂ ಲೆನ್ಸಿನ ಫಿಲ್ಟರಿಗೂ ಒಂದು ಪಾಲು ಸಿಕ್ಕಿತು. ಸಾಸಿವೆ ಎಣ್ಣೆ ಒರೆಸಿದಷ್ಟೂ ಹರಡುತ್ತದೆ.

ಮರುದಿನ ರಾತ್ರಿ ಜಾಗ್ಗೋ. ವಧುವಿನ ತಾಯಿಯ ತವರಿನವರು, ಅಂದರೆ ನಾನಕೆಯವರು, ಮೆರೆಯುವ ರಾತ್ರಿ ಅದು. ಹಿಟ್ಟಿನ ಹಣತೆಗಳನ್ನು ಸುತ್ತಲೂ ಹಚ್ಚಿದ ಕೊಡವನ್ನು ವಧುವಿನ ಸೋದರಮಾವನ ಹೆಂಡತಿ, ಅವರ ಮಾತಿನಲ್ಲಿ ಮಾಮಿ, ತಲೆಯ ಮೇಲೆ ಹೊತ್ತು ಊರಿನ ಓಣಿಗಳಲ್ಲಿ ಮುಂದೆ ಮುಂದೆ ನಡೆದರು. ಹಿಂದೆ ಗೆಜ್ಜೆ ಕಟ್ಟಿದ ಕೋಲು ಕುಟ್ಟುತ್ತಾ ಉಳಿದವರು. ಮಲಗಿದವರನ್ನು ಎಬ್ಬಿಸುವುದೇ ಆ ಮೆರವಣಿಗೆಯ ಉದ್ದೇಶ. ನಾನಕೆಯವರು ತಂದೆಯ ಕಡೆಯ ದಾದಕೆಯವರನ್ನು ಹಾಡಿನಲ್ಲೇ ಬೈಯುತ್ತಾರೆ, ದಾದಕೆಯವರು ಹಾಡಿನಲ್ಲೇ ತಿರುಗಿಸಿ ಕೊಡುತ್ತಾರೆ. ಆ ಮಾಮಿ ಎರಡು ವಾರ ಮೊದಲೇ ಮಕ್ಕಳೊಂದಿಗೆ ಬ್ರಾಂಪ್ಟನ್‌ನಿಂದ ಬಂದಿದ್ದರು. ಕೆಲಸದಲ್ಲಿ ರಜೆ ಸಿಗದೆ ಉಳಿದಿದ್ದ ಅವರ ಗಂಡ, ವಧುವಿನ ಮಾಮಾ, ಅದೇ ರಾತ್ರಿ ಅಮೃತಸರಕ್ಕೆ ಇಳಿಯಬೇಕಿತ್ತು.

ಇಲ್ಲಿ ವಾಟ್ಸ್‌ಆ್ಯಪ್ ಗುಂಪಿನ ವಿಷಯ ಹೇಳಲೇಬೇಕು. ವಧುವಿನ ತಮ್ಮ ನಮ್ಮ ತಂಡದವರನ್ನೆಲ್ಲ ಮನೆಯವರ ಗುಂಪಿಗೆ ಸೇರಿಸಿದ್ದ. ಬೆಳಗಾದರೆ ಗುಲಾಬಿ ಹೂವಿನ ಚಿತ್ರದೊಂದಿಗೆ ‘ಸತ್ ಶ್ರೀ ಅಕಾಲ್ ಜೀ’, ಆಮೇಲೆ ಲೆಹೆಂಗಾದ ಫೋಟೊಗಳು, ಯಾರದೋ ಮೊಣಕಾಲು ನೋವು, ಪಿನ್ನಿ ಉಂಡೆ ಮಾಡಲು ತುಪ್ಪ ಎಷ್ಟು ಹಾಕಬೇಕೆಂಬ ಜಗಳ, ಹಲ್ವಾಯಿ ಕೇಳಿದ ಮುಂಗಡ. ಕೆನಡಾದಲ್ಲಿ ಹಗಲಾಗುವುದು ನಮಗೆ ರಾತ್ರಿಯಾದ ಮೇಲೆ. ಟೊರಾಂಟೊ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಹೀಗಾಗಿ ನಾವು ದಿನದ ಫೂಟೇಜನ್ನು ಡಿಸ್ಕಿಗೆ ಇಳಿಸಿ ಮಲಗುವ ಹೊತ್ತಿಗೆ ಅಲ್ಲಿಯವರು ಮಾತಿಗೆ ಕೂರುತ್ತಿದ್ದರು. ನಾನು ಗುಂಪನ್ನು ಮ್ಯೂಟ್ ಮಾಡಿದೆ. ನಮಗೆ ಬೇಕಾದದ್ದೆಲ್ಲ ಶೂಟಿಂಗ್ ವೇಳಾಪಟ್ಟಿಯ ಶೀಟಿನಲ್ಲಿದೆಯಲ್ಲ!

ಶೀಟು ತಯಾರಾಗುವುದು ಕಚೇರಿಯಲ್ಲಿ. ಚೂಡಾ 6:00, ಮೇಕಪ್ 7:15, ಬಾರಾತ್ (ವರನ ದಿಬ್ಬಣ) ಮತ್ತು ಮಿಲನಿ (ಎರಡೂ ಕಡೆಯವರ ಭೇಟಿ) 9:30, ಆನಂದ್ ಕಾರಜ್ (ಗುರುದ್ವಾರದ ಮದುವೆ ಶಾಸ್ತ್ರ) 10:30. ಲಾವಾಂಗಳು, ಅಂದರೆ ಗ್ರಂಥದ ಸುತ್ತ ಹಾಕುವ ನಾಲ್ಕು ಸುತ್ತುಗಳು, ಮಧ್ಯಾಹ್ನದೊಳಗೆ ಮುಗಿಯಬೇಕೆನ್ನುವುದು ರೂಢಿ, ಆದ್ದರಿಂದ ಎಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಎಣಿಸಿ ಇಟ್ಟಿದ್ದರು. ಯಾವ ಲೆನ್ಸ್, ಯಾವ ಫ್ರೇಮ್ ರೇಟ್, ಎಷ್ಟು ಲೈಟ್ ಎಂಬುದಕ್ಕೆಲ್ಲ ಒಂದೊಂದು ಕಲಂ. ಆ ಶಾಸ್ತ್ರ ಮಾಡುವವರು ಯಾರು ಎಂಬುದಕ್ಕೆ ಕಲಂ ಇರಲಿಲ್ಲ.

ಬೆಳಗ್ಗೆ ಐದೂವರೆಗೆ ಲೈಟ್ ಕಟ್ಟಿದೆವು. ಸ್ಟೀಲಿನ ಬೋಗುಣಿಯಲ್ಲಿ ಹಾಲು ಬೆರೆಸಿದ ನೀರು, ಅವರು ಕಚ್ಚೀ ಲಸ್ಸಿ ಎನ್ನುವುದು. ಅದರೊಳಗೆ ರಾತ್ರಿಯಿಂದ ನೆನೆದ ಕೆಂಪು-ಬಿಳಿ ಬಳೆಗಳು, ಮೇಲೆ ಗುಲಾಬಿ ದಳ. ಹಿಂದೆ ದಂತದ್ದಿರುತ್ತಿತ್ತಂತೆ, ಈಗ ಪ್ಲಾಸ್ಟಿಕ್. ಡೀಟೇಲ್ ಶಾಟ್‌ಗಳು ಮುಗಿದವು. ಆರಾಯಿತು. ಆರೂಕಾಲಾಯಿತು. ಹುಡುಗಿ ಶಾಲು ಹೊದ್ದು ಕೂತಿದ್ದಳು, ಯಾರೂ ಯಾವುದಕ್ಕೂ ಅವಸರ ಮಾಡುತ್ತಿರಲಿಲ್ಲ. ಒಬ್ಬಳು ಟೀ ತಟ್ಟೆ ಹಿಡಿದು ಸುತ್ತು ಬಂದಳು. ಮಾಮಿ ಬೇಡವೆಂದರು. ಮತ್ತೊಂದು ಸುತ್ತಿಗೆ ಪರಾಠಾ ಬಂತು, ಆಗಲೂ ಕೈಯಲ್ಲೇ ಬೇಡವೆಂದರು. ರಾತ್ರಿಯೆಲ್ಲ ಕೊಡ ಹೊತ್ತು ಕುಣಿದಿದ್ದಾರೆ, ಸುಸ್ತಾಗಿದೆ ಎಂದುಕೊಂಡೆ. ಅದನ್ನೂ ಶೂಟ್ ಮಾಡಿದ್ದೆ. ಕ್ಲಿಪ್ ಈಗಲೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ.

ಆರೂವರೆಗೆ ದೆಹಲಿಯಿಂದ ನಮ್ಮ ತಂಡದ ಮುಖ್ಯಸ್ಥ, ಲೀಡ್, ಫೋನ್ ಮಾಡಿದ. “ಚೂಡಾ ಆಯ್ತಾ?” ಇಲ್ಲವೆಂದೆ. “ಏಳಕ್ಕೆ ಮೇಕಪ್ಪಿನವರು ಬರುತ್ತಾರೆ. ಮನೆಯಲ್ಲಿ ಅಷ್ಟು ಜನ ಹಿರಿಯರಿದ್ದಾರಲ್ಲ, ಯಾರಿಂದಾದರೂ ಮಾಡಿಸು. ಶಾಟ್ ಮುಗಿಸು.” ಫೋನಿಟ್ಟ.

ಅಲ್ಲಿಗೆ ನಿಲ್ಲಿಸಿದ್ದರೆ ಬೈಗುಳವೆಲ್ಲ ಅವನ ಪಾಲಿಗೆ ಹೋಗುತ್ತಿತ್ತು. ನಾನು ಕೋಣೆಯ ನಡುವೆ ನಿಂತು, ನನ್ನ ಅರೆಬರೆ ಪಂಜಾಬಿಯಲ್ಲಿ, ಬಾಗಿಲ ಬಳಿ ನಿಂತಿದ್ದ ವಧುವಿನ ದೊಡ್ಡಪ್ಪನತ್ತ ತಿರುಗಿ, “ತಾಯಾಜೀ, ಸದ್ಯಕ್ಕೆ ನೀವೇ ತೊಡಿಸಿಬಿಡಿ, ಮಾಮಾ ಬಂದ ಮೇಲೆ ಇನ್ನೊಮ್ಮೆ ತೆಗೆಯೋಣ” ಎಂದೆ.

ಮಾತು ನಿಂತುಹೋಯಿತು. ಢೋಲಕಿಯ ಹಗ್ಗ ಬಿಗಿಯುತ್ತಿದ್ದ ಹುಡುಗಿಯ ಕೈ ಹಾಗೇ ಉಳಿಯಿತು. ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಸರಿದರು, ನಾನು ಅವರ ಕೈಗೆ ಕೆಂಡ ಕೊಡಲು ಹೋದಂತೆ. ವಧುವಿನ ತಾಯಿ ನನ್ನನ್ನು ನೋಡಲಿಲ್ಲ, ಮಾಮಿಯನ್ನು ನೋಡಿದರು. ಅವರ ಕಣ್ಣು ತುಂಬಿತ್ತು. ಮೂಲೆಯ ಮಂಚದ ಮೇಲಿದ್ದ ನಾನಿ, ವಧುವಿನ ತಾಯಿಯ ತಾಯಿ, ಮಾತ್ರ ದನಿ ಏರಿಸದೆ ಕೇಳಿದರು: “ಪುತ್ತರ್, ನಿಮ್ಮ ಕಡೆ ಮದುವೆಗೆ ಮಾಮಾ ಬೇಡವಾ?”

ಬೇಡವೇ? ನನ್ನ ಅಕ್ಕನನ್ನು ಮಂಟಪಕ್ಕೆ ಕರೆತಂದವರು ನಮ್ಮ ಸೋದರಮಾವ. ಅವರ ಬಸ್ ಹರಿಹರದಲ್ಲಿ ಕೆಟ್ಟು ನಿಂತಾಗ ಪುರೋಹಿತರೇ ಮುಹೂರ್ತದ ಚಿಂತೆ ಬಿಟ್ಟು ಬಾಗಿಲು ಕಾದಿದ್ದರು. ಇಂಥ ಮನೆಯಿಂದ ಬಂದವರ ಬಾಯಲ್ಲಿ ಆ ಮಾತು ಬಂದಿತ್ತು.

ವಧುವಿನ ತಮ್ಮ ನನ್ನನ್ನು ಹೊರಗೆ ಕರೆದೊಯ್ದು ಫೋನ್ ತೋರಿಸಿದ. ಹಿಂದಿನ ರಾತ್ರಿ ಹನ್ನೊಂದಕ್ಕೇ ಗುಂಪಿನಲ್ಲಿ ಮಾಮಾ ಬರೆದಿದ್ದರು: ಅಮೃತಸರದಲ್ಲಿ ಮಂಜು, ವಿಮಾನ ದೆಹಲಿಗೆ, ಟ್ಯಾಕ್ಸಿ ಹಿಡಿಯುತ್ತೇನೆ. ಕರ್ನಾಲ್‌ನಲ್ಲಿ ಒಂದು ಸಂದೇಶ. ಅಂಬಾಲಾದಲ್ಲಿ ಲೈವ್ ಲೊಕೇಶನ್. ಈಗ ನೀಲಿ ಚುಕ್ಕೆ ಖನ್ನಾದಲ್ಲಿ ತೆವಳುತ್ತಿತ್ತು, ಇನ್ನೂ ಎಂಬತ್ತು ಕಿಲೋಮೀಟರ್ ಆಸುಪಾಸು. ಅದರ ನಡುವೆ ತುಪ್ಪದ ಜಗಳವೂ ಮುಂದುವರಿದಿತ್ತು. ಕೆಳಗೆ ಬ್ರಾಂಪ್ಟನ್‌ನ ಯಾರೋ ಮಾಮಿಗೆ ಬರೆದಿದ್ದರು: ಉಪವಾಸ ಬಿಡಬೇಡ, ನೀರಾದರೂ ಕುಡಿ. ಚೂಡಾ ತೊಡಿಸಬೇಕಾದವರು ಮಾಮಾ; ತೊಡಿಸುವವರೆಗೆ ಈ ಮನೆಯ ಮಾಮಾ-ಮಾಮಿ ಏನೂ ತಿನ್ನುವುದಿಲ್ಲ. ವಿಮಾನದಲ್ಲೂ ಮಾಮಾ ತಿಂದಿರಲಿಲ್ಲ. ಮೇಕಪ್ಪಿನವರೂ ಆ ಗುಂಪಿನಲ್ಲಿದ್ದರು. ಅವರು ಓದಿ, ಆಗಲೇ ಒಂಬತ್ತಕ್ಕೆ ಬರುತ್ತೇವೆಂದು ತಿಳಿಸಿದ್ದರು. ಗೊತ್ತಿಲ್ಲದೆ ಲೈಟ್ ಕಟ್ಟಿಕೊಂಡು ಕೂತವರು ನಾವೊಬ್ಬರೇ.

ಮಾಮಾ ಬಂದಾಗ ಎಂಟೂಮುಕ್ಕಾಲು. ಜಾಕೆಟ್ ಕೂಡ ತೆಗೆಯದೆ ಕೈ ತೊಳೆದು ಕೂತರು. ಮಾಮಿ ಹಿಂದಿನಿಂದ ಚುನ್ನಿಯಲ್ಲಿ ಹುಡುಗಿಯ ಕಣ್ಣು ಮುಚ್ಚಿದರು; ಪೂರ್ತಿ ಸಿಂಗಾರವಾಗುವವರೆಗೆ ಅವಳು ಚೂಡಾ ನೋಡುವಂತಿಲ್ಲ. ಒಂದೊಂದು ಬಳೆಯನ್ನೂ ಮೊದಲು ಸುತ್ತ ಕೂತವರೆಲ್ಲ ಮುಟ್ಟಿದರು. ಕೊನೆಯ ದೊಡ್ಡ ಬಳೆ ಹೆಬ್ಬೆರಳ ಗಂಟಿನ ಬಳಿ ಸಿಕ್ಕಿಕೊಂಡಿತು. ಮಾಮಾ ಒಂದಿಷ್ಟು ಹಾಲಿನ ನೀರು ಸುರಿದು, ಬೆರಳುಗಳನ್ನು ಒಟ್ಟಿಗೆ ಒತ್ತಿ ಜಾರಿಸಿದರು; ನೀರು ಅವಳ ಮೊಣಕೈವರೆಗೆ ಇಳಿಯಿತು. ಒಳ್ಳೆಯ ಶಾಟ್. ಅದನ್ನು ಆನಂದಿಸುವಷ್ಟರಲ್ಲಿ ನಾನಿ ಕೂಗಿದರು: “ಪುತ್ತರ್, ಆ ಟಿವಿ!” ನನ್ನ ಏಳಿಂಚಿನ ಮಾನಿಟರ್ ನೇರ ವಧುವಿನ ಕಡೆಗೆ ತಿರುಗಿತ್ತು. ಮಾಮಿ ಚುನ್ನಿ ಸಡಿಲಿಸುವ ಮೊದಲು ನನ್ನ ಶಾಲನ್ನೇ ಅದರ ಮೇಲೆ ಎಸೆದೆ. ಕೋಣೆ ನಕ್ಕಿತು, ಪರಾಠಾ ಮತ್ತೆ ಬಂತು, ಈ ಸಲ ನನಗೂ.

ಬಾರಾತ್ ಕೂಡ ಅದೇ ಮಂಜಿನಲ್ಲಿ ಸಿಕ್ಕಿಕೊಂಡಿದ್ದರಿಂದ ಮಿಲನಿಗೆ ಹತ್ತೂಮುಕ್ಕಾಲಾಯಿತು. ಗುರುದ್ವಾರದಲ್ಲಿ ಓಡಾಡುವ ಸ್ಥಿತಿ ಬರಲಿಲ್ಲ.

ಈಗ ಪಂಜಾಬಿನ ಯಾವ ಮದುವೆ ಒಪ್ಪಿಕೊಂಡರೂ ಮೊದಲ ಫೋನಿನಲ್ಲೇ ಕೇಳುತ್ತೇನೆ: ಮಾಮಾ ಎಷ್ಟು ಜನ, ಎಲ್ಲಿಂದ, ಯಾವ ವಿಮಾನ, ಸ್ನಾನಕ್ಕೆ ಘರೋಲಿ ಕೊಡದಲ್ಲಿ ನೀರು ತರುವ ಅತ್ತಿಗೆ ಯಾರು, ವರನ ಮುಖಕ್ಕೆ ಸೆಹ್ರಾ ಕಟ್ಟುವವರು ಯಾರು. ಮನೆಯವರ ಗುಂಪನ್ನು ಮ್ಯೂಟ್ ಮಾಡುವುದಿಲ್ಲ, ಮೊಣಕಾಲು ನೋವಿನ ಸಂದೇಶವನ್ನೂ ಓದುತ್ತೇನೆ. ಶೀಟಿಗೆ ಒಂದು ಕಲಂ ಸೇರಿಸಿ ಎಂದು ಕಚೇರಿಗೆ ಬರೆದಿದ್ದಕ್ಕೆ, ಟೆಂಪ್ಲೇಟ್ ಲಾಕ್ ಆಗಿದೆ ಎಂಬ ಉತ್ತರ ಬಂತು. ಲೀಡ್ ಕಳಿಸಿದ ಟೀಸರಿನಲ್ಲಿ ಚೂಡಾ ನಾಲ್ಕು ಸೆಕೆಂಡು ಇದೆ, ಮಾಮಾ ಅವರ ಮುಖ ಅದರಲ್ಲಿಲ್ಲ. ಕುಟುಂಬದವರು ತಿದ್ದುಪಡಿ ಕೇಳಿದ್ದಾರೆ. ನಾನು ಹಾಕಿದ ಓವರ್‌ಟೈಮ್ ಬಿಲ್ಲನ್ನು ಅಕೌಂಟ್ಸ್‌ನವರು, ಬೆಳಗ್ಗೆ ಆರರಿಂದ ಎಂಟೂಮುಕ್ಕಾಲರವರೆಗೆ ಚಿತ್ರೀಕರಣವೇ ನಡೆದಿಲ್ಲ ಎಂದು ಬರೆದು ವಾಪಸು ಕಳಿಸಿದ್ದಾರೆ.